ಗಿರಣಿ ಅಂಗಳದಲ್ಲಿ ಹಾರಿದ ಭಂಡಾರ

ಕರಜಗಿ

ಪರರಾಜ್ಯ ನೋಡಲು ಹಡಗು ಹತ್ತಬೇಕಾಗಿಲ್ಲ. ನಮ್ಮ ಕರಜಗಿ ಅಕ್ಕಲಕೋಟೆಯ ರಾಜರದು, ಸೊಲ್ಲಾಪುರ ಇಂಗ್ರೇಜಿಯವರದು. ನಡುವೆ ಒಂದು ಚಕ್ಕಡಿ, ಒಂದು ರೈಲು. ಇಳಿದರೆ ಬೇರೆ ಸರಕಾರ, ಬೇರೆ ಪೊಲೀಸು, ಬೇರೆ ಮಾತು. ಅರವತ್ತು ವರ್ಷ ನಾನು ಆ ಗಡಿ ದಾಟಿರಲಿಲ್ಲ. ಕುರಿಗಳ ಹಿಂದೆ ಭೀಮೆಯ ದಂಡೆ ತುಂಬ ತಿರುಗಿದ್ದೇನೆ. ಕುರಿಗೆ ರೈಲಿನ ಕೆಲಸವಿಲ್ಲ, ಹಾಗಾಗಿ ನನಗೂ ಇರಲಿಲ್ಲ.

ಹೋಗುವಂತೆ ಮಾಡಿದವನು ನಮ್ಮ ಓಣಿಯ ಚಂದಪ್ಪ. ಸೊಲ್ಲಾಪುರದ ಗಿರಣಿಯಲ್ಲಿ ದುಡಿಯುತ್ತಾನೆ, ನನ್ನ ಮಗಳು ಮಾಳವ್ವನೂ ಅದೇ ಗಿರಣಿ. ರಜೆಗೆ ಬಂದವನು ನಮ್ಮ ಕಟ್ಟೆಯ ಮೇಲೆ ಕೂತು ನೀರು ಕುಡಿದು ಹೇಳಿದ:

“ಜಕ್ಕವ್ವಾಯಿ, ನಿನ್ನ ಮಗಳ ಹಣಿ ಮ್ಯಾಲ ಜಗಳ ನಡದೈತಿ ಅಲ್ಲಿ.”

“ಹಣಿ ಮ್ಯಾಲ ಎಂಥಾ ಜಗಳೋ?”

“ಭಂಡಾರ ಒರಸ್ಕೊಂಡ ಬಾ ಅಂತಾಳ ನಾಯಕೀಣ. ಈಕಿ ಒರಸಾಂಗಿಲ್ಲ ಅಂತಾಳ. ಬರೂ ಸೋಮಾರತನಾ ಗಡು ಕೊಟ್ಟಾಳ. ಒರಸಲಿಲ್ಲಂದ್ರ ಕೆಲಸಾನ ಇಲ್ಲ.”

ನಾಯಕೀಣ ಎಂದರೆ ಗಿರಣಿಯಲ್ಲಿ ದುಡಿಯುವ ಹೆಂಗಸರ ಮೇಲಿನ ಯಜಮಾನತಿ. ಭಂಡಾರ ಎಂದರೆ ಏನೆಂದು ನಮ್ಮವರಿಗೆ ಹೇಳಬೇಕಾಗಿಲ್ಲ, ಆದರೂ ತಿಳಿಯದವರು ಓದಿದರೆ ಇರಲಿ: ಬೀರಪ್ಪನ ಮುಂದೆ, ಮೈಲಾರನ ಮುಂದೆ ಇಟ್ಟ ಅರಿಶಿನ ಪುಡಿ. ನಾವು ಅದನ್ನು ಬೊಟ್ಟಿನಷ್ಟು ಹಚ್ಚುವವರಲ್ಲ, ಹಣೆ ತುಂಬ ಬಳಿಯುವವರು. ಮಾಳವ್ವ ಮೂರು ವರ್ಷದವಳಿದ್ದಾಗ ಜ್ವರ ಬಂದು ಎಂಟು ದಿನ ಕಣ್ಣು ತೆರೆಯಲಿಲ್ಲ. ಉಳಿಸಪ್ಪಾ, ಇವಳ ಹಣೆ ಒಂದು ದಿನವೂ ನಿನ್ನ ಭಂಡಾರ ಇಲ್ಲದೆ ಇರುವುದಿಲ್ಲ ಎಂದು ಬೀರಪ್ಪನಿಗೆ ಹರಕೆ ಹೊತ್ತೆ. ಉಳಿದಳು. ಅವನು ತನ್ನ ಮಾತು ನಡೆಸಿದ್ದ, ನಾವು ನಮ್ಮದನ್ನು ನಡೆಸಿದ್ದೆವು.

ಕೆಲಸ ಹೋದರೆ ಏನಾಗುತ್ತದೆ ಎಂಬುದೂ ನನಗೆ ಗೊತ್ತಿತ್ತು. ಅಳಿಯ ಸಿದ್ದಪ್ಪ ಎದೆ ಹಿಡಿದು ನಾಲ್ಕು ತಿಂಗಳಿಂದ ಮಲಗಿದ್ದ. ಇರುವ ಖೋಲಿ ಗಿರಣಿಯದು. ಮಗಳು ಗಿರಣಿ ಬಿಟ್ಟ ದಿನ ಖೋಲಿಯನ್ನೂ ಬಿಡಬೇಕು.

ಗುಡಿಗೆ ಹೋಗಿ ಒಂದು ಚೀಲ ಭಂಡಾರ ತುಂಬಿಕೊಂಡೆ. ಆ ನಾಯಕೀಣಿಗೆ ನಾಲ್ಕು ಮಾತು ಹೇಳಿ ಬರುವುದೆಂದು ಹೊರಟೆ.

ಅಕ್ಕಲಕೋಟೆ

ರಾಜರ ಊರು ಬಹಳ ದೊಡ್ಡದಿರಬಹುದು ಎಂದುಕೊಂಡಿದ್ದೆ. ಅರಮನೆ ದೊಡ್ಡದು, ಊರು ಅಷ್ಟಲ್ಲ. ಚಕ್ಕಡಿಯವನು ಎತ್ತಿಗೆ ನೀರು ಕುಡಿಸುವವರೆಗೆ ಸ್ವಾಮಿಗಳ ಮಠದ ನೆರಳಿನಲ್ಲಿ ಕೂತೆ. ಅಲ್ಲಿಗೆ ಮುಂಬಯಿಯಿಂದಲೂ ಜನ ಬರುತ್ತಾರೆ. ಮುಂಬಯಿಯವರು ಕೂತಲ್ಲಿ ಕೂರುವುದಿಲ್ಲ, ಮೊದಲು ಸೆರಗಿನಿಂದ ಕಲ್ಲು ಜಾಡಿಸುತ್ತಾರೆ, ಆಮೇಲೂ ಅರ್ಧ ಕೂರುತ್ತಾರೆ. ಹಾಗೆ ಅರ್ಧ ಕೂತ ಒಬ್ಬ ಹೆಂಗಸು ನನ್ನ ಮುಖವನ್ನು ಬಹಳ ಹೊತ್ತು ನೋಡಿ ಜೊತೆಯವರಿಗೆ ಮರಾಠಿಯಲ್ಲಿ ಏನೋ ಅಂದಳು. ಅವರ ಜೊತೆಯ ಅಡಿಗೆಯವಳು ನಮ್ಮ ಕಡೆಯವಳು, ನನಗೆ ತಿಳಿಸಿದಳು:

“ಯಾವಾಗಿಂದ ಆಗೇತಿ ಅಂತ ಕೇಳಾಕತ್ತಾರ.”

“ಏನಾಗೇತಿ?”

“ಕಾಮಣಿ. ಮಾರಿ ಹಳದಿ ಆಗೇತಲ್ಲ, ಔಷಧಿ ಹೇಳ್ತಾರಂತ.”

ಮುಂಬಯಿಯ ಆ ಹೆಂಗಸಿಗೆ ಕೆಟ್ಟ ಮನಸ್ಸಿರಲಿಲ್ಲ. ನಿಜವಾಗಿ ಮರುಗಿದ್ದಳು. ಹೆಬ್ಬೆರಳಿನಿಂದ ಹಣೆ ಉಜ್ಜಿ ಬೆರಳನ್ನು ಅವಳಿಗೆ ತೋರಿಸಿದೆ. ರೋಗವಾದರೆ ಕೈಗೆ ಹತ್ತುತ್ತದೆಯೇ? ಅವಳು ನಾಚಿ ನನಗೆ ಒಂದು ಬಾಳೆಹಣ್ಣು ಕೊಟ್ಟಳು. ತಿಂದೆ.

ರೈಲು

ಅಕ್ಕಲಕೋಟೆಯ ಸ್ಟೇಶನ್ ಅಕ್ಕಲಕೋಟೆಯಲ್ಲಿ ಇಲ್ಲ. ಊರು ಒಂದು ಕಡೆ, ಸ್ಟೇಶನ್ ಹರದಾರಿ ದೂರ ಬಯಲಿನಲ್ಲಿ. ಇಂಗ್ರೇಜಿಯವರು ರೈಲನ್ನು ತಮಗೆ ಬೇಕಾದ ಕಡೆ ಓಡಿಸಿದರು, ಊರುಗಳೇ ನಡೆದು ಬರಲಿ ಎಂದು.

ಡಬ್ಬಿಯಲ್ಲಿ ನನ್ನ ಕಂಬಳಿ ನೋಡಿ ನಾಲ್ವರು ನಕ್ಕರು, ಬೇಸಿಗೆಯಲ್ಲಿ ಕಂಬಳಿ ಏಕೆಂದು. ಹಲಗೆ ಕಾದು ಬೆಂಕಿಯಾದಾಗ ಅದೇ ಕಂಬಳಿಯನ್ನು ಮಡಚಿ ಹಾಕಿಕೊಂಡು ಕೂತೆ. ಆಮೇಲೆ ಯಾರೂ ನಗಲಿಲ್ಲ. ಒಬ್ಬ ತುದಿ ಸ್ವಲ್ಪ ಸರಿಸಿ ಎಂದೂ ಕೇಳಿದ.

ಟಿಕೀಟು ನೋಡುವವನು ಬಂದ. ಕರಿ ಕೋಟು, ಕರಿ ಟೊಪ್ಪಿಗೆ. ಬೆವರು ಒರೆಸಲು ಟೊಪ್ಪಿಗೆ ಮೇಲೆತ್ತಿದಾಗ ಒಳಗೆ ಹಣೆಯ ಮೇಲೆ ದೊಡ್ಡ ಗಂಧ. ನಾನು ನೋಡಿದ್ದನ್ನು ಅವನು ನೋಡಿದ.

“ಮುಚ್ಚಿ ಇಟ್ಟೀಯಲ್ಲೋ ತಮ್ಮಾ, ಯಾರರೆ ಕದೀತಾರನು?” ಎಂದೆ.

“ಸಾಹೇಬನ ಮುಂದ ಟೊಪಗಿ, ದೇವರ ಮುಂದ ಗಂಧ. ಎರಡೂ ನಡಸಬೇಕಲ್ಲ ಆಯಿ,” ಎಂದು ಟೊಪ್ಪಿಗೆ ಮುಂದಕ್ಕೆ ಎಳೆದುಕೊಂಡು ಹೋದ.

ಹೇಡಿ ಎಂದುಕೊಂಡೆ. ಬರೆಯುವಾಗ ಸುಳ್ಳೇಕೆ, ಆಗ ಹಾಗೇ ಅನಿಸಿತು.

ಸೊಲ್ಲಾಪುರ

ಇಳಿದ ಕೂಡಲೆ ಜಕಾತಿ ನಾಕಾ. ಊರೊಳಗೆ ಏನು ತಂದರೂ ಬಿಚ್ಚಿ ತೋರಿಸಬೇಕು. ನಮ್ಮ ಊರಿಗೆ ನೆಂಟರು ಬಂದರೆ ಮೊದಲು ಕಾಲಿಗೆ ನೀರು ಕೊಡುತ್ತೇವೆ, ಇಲ್ಲಿ ಮೊದಲು ಗಂಟಿಗೆ ಕೈ ಹಾಕುತ್ತಾರೆ. ಬಿಳಿ ಅಂಗಿಯ ಕಾರಕೂನ ನನ್ನ ಚೀಲದ ಬಾಯಿ ಬಿಚ್ಚಿದ.

“ಅರಿಶಿಣ ಮಾರಾಕ ತಂದೀರೇನು?”

“ದ್ಯಾವರನ್ನ ಯಾರರೆ ಮಾರ್ತಾರೇನೋ? ಬೀರಪ್ಪನ ಭಂಡಾರ ಅದು.”

“ದೇವರಿದ್ರ ಇಷ್ಟ ಯಾಕ? ಒಂದ ಚಿಟಿಕಿ ಸಾಕಾಗಾಂಗಿಲ್ಲೇನು?” ಎಂದು ತಳದಲ್ಲಿ ಬೇರೆ ಏನೋ ಇದೆಯೆಂದು ಮೊಣಕೈತನಕ ಕೈ ಇಳಿಸಿದ. ಪುಡಿ ಎದ್ದಿತು. ಅವನು ಸೀನಿದ. ಒಂದಲ್ಲ, ಆರು ಸೀನು. ಅಂಗಿ, ಮೀಸೆ, ಮುಂದಿನ ಕಾಗದ ಎಲ್ಲ ಹಳದಿ. ಹಿಂದೆ ನಿಂತವರು ಚಪ್ಪಾಳೆ ಹೊಡೆದರು. “ಹೋಗ್ರಿ, ಹೋಗ್ರಿ ಮೊದಲ,” ಎಂದು ಚೀಲವನ್ನು ತಾನೇ ಎತ್ತಿ ಕೊಟ್ಟ.

ಈ ಊರಿನಲ್ಲಿ ಸೂರ್ಯನನ್ನು ಯಾರೂ ಕೇಳುವುದಿಲ್ಲ. ಗಿರಣಿಯ ಭೋಂಗಾ ಕೂಗಿದರೆ ಏಳುತ್ತಾರೆ, ಕೂಗಿದರೆ ಉಣ್ಣುತ್ತಾರೆ. ಮಗಳ ಖೋಲಿ ಇದ್ದ ಸಾಲುಮನೆಗಳ ಚಾಳಿನಲ್ಲಿ ಒಂದು ನಳಕ್ಕೆ ಮೂವತ್ತು ಕೊಡ. ಹೆಂಗಸರು ಸಾಲಾಗಿ ನಿಂತು ಮಾತಿಲ್ಲದೆ ನೀರು ತುಂಬುತ್ತಾರೆ. ನಮ್ಮ ಬಾವಿಯ ಕಟ್ಟೆಯ ಮೇಲೆ ಅಷ್ಟು ಹೆಂಗಸರು ಸುಮ್ಮನೆ ನಿಂತಿದ್ದರೆ ಯಾರೋ ಸತ್ತಿದ್ದಾರೆ ಎಂದು ತಿಳಿಯಬೇಕು.

ಸಿದ್ದಪ್ಪ ಹಾಸಿಗೆಯ ಮೇಲೆ ಎದ್ದು ಕೂತ. ಮೈ ಇಳಿದಿತ್ತು, ನಾಲಗೆ ಇಳಿದಿರಲಿಲ್ಲ.

“ಬರ್ರಿ ಅತ್ತಿ. ಗಿರಣಿ ಬಂದ್ ಮಾಡಸಾಕ ಬಂದೀರೇನು?”

“ಬಂದ್ ಯಾಕ ಮಾಡಸಲಿ. ಬುದ್ಧಿ ಹೇಳಾಕ ಬಂದೀನಿ.”

“ಹೇಳ್ರಿ. ಆ ಸಖೂಬಾಯಿಗೆ ಬುದ್ಧಿ ಹೇಳಾವ್ರು ಯಾರೂ ಇನ್ನ ಹುಟ್ಟಿಲ್ಲ.”

ಸಖೂಬಾಯಿ ಎಂದರೆ ಆ ನಾಯಕೀಣ. ಮಾಳವ್ವ ಕೆಲಸದಿಂದ ಬಂದು ನನ್ನನ್ನು ನೋಡಿ ಕಾಲಿಗೆ ಬಿದ್ದಳು. ಸಂತೋಷಪಟ್ಟಂತೆ ಕಾಣಲಿಲ್ಲ. ಹಣೆ ತುಂಬ ಭಂಡಾರವಿತ್ತು. ಬೆವರಿಗೆ ಇಳಿದು ಹುಬ್ಬಿನ ಮೇಲೆ ಕೆಸರಾಗಿತ್ತು. ಸೋಮವಾರಕ್ಕೆ ನಾಲ್ಕೇ ದಿನ.

ಗಿರಣಿ

ಮಧ್ಯಾಹ್ನದ ಬಿಡುವಿಗೆ ಊಟದ ಬುತ್ತಿ ತರುವ ಹೆಂಗಸರನ್ನು ಒಳಗೆ ಬಿಡುತ್ತಾರೆ. ಮರುದಿನ ನಾನೂ ತಲೆಯ ಮೇಲೆ ರೊಟ್ಟಿ ಗಂಟು ಇಟ್ಟುಕೊಂಡು ಹೋದೆ. ಬಾಗಿಲಿನವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಅಂಗಳದಲ್ಲಿ ಕಾಲಿಟ್ಟಾಗ ಮೊದಲು ಕಂಡದ್ದು ನೂಲು. ನಾನೂ ಉಣ್ಣೆ ನೂತವಳು, ನೂಲು ನೋಡಿ ಬೆರಗಾಗುವವಳಲ್ಲ. ಆದರೆ ಇದು ಹಾಲಿನ ಹಾಗೆ ಬೆಳ್ಳಗಿತ್ತು. ಹೆಂಗಸರು ರಾಟಿಗೆ ಸುತ್ತಿ ತೆಗೆದ ಲಡಿಗಳು, ಒಂದೊಂದು ತೊಡೆಯಷ್ಟು ದಪ್ಪ, ಒಂದು ಕೈಗಾಡಿಯ ಮೇಲೆ ಒಟ್ಟಿದ್ದರು.

ಸಖೂಬಾಯಿ ಬಾಗಿಲಲ್ಲಿ ನಿಂತಿದ್ದಳು. ಗಟ್ಟಿ ಹೆಂಗಸು, ಕಚ್ಚೆ ಸೀರೆ, ಸೊಂಟದ ಮೇಲೆ ಎರಡು ಕೈ. ಪಕ್ಕದಲ್ಲಿ ಮಾಳವ್ವ ತಲೆ ತಗ್ಗಿಸಿ ನಿಂತಿದ್ದಳು.

ದೊಡ್ಡ ಕೆಲಸಕ್ಕೆ ಕೈ ಹಚ್ಚುವ ಮುಂಚೆ ನಾವು ಏನು ಮಾಡುತ್ತೇವೆ? ಕುರಿ ಬಿಡುವಾಗ, ಹೊಲಕ್ಕೆ ಕೂರಿಗೆ ಹೂಡುವಾಗ, ಜಗಳಕ್ಕೆ ಹೋಗುವಾಗ? ಚೀಲಕ್ಕೆ ಕೈ ಹಾಕಿದೆ. ಬೊಗಸೆ ತುಂಬ ತೆಗೆದು “ಏಳಕೋಟಿ! ಏಳಕೋಟಿ!” ಎಂದು ದೇವರನ್ನು ಕೂಗಿ ಮುಗಿಲಿಗೆ ತೂರಿದೆ.

ನಮ್ಮ ಮಾಳದಲ್ಲಿ ತೂರಿದ ಭಂಡಾರ ಕುರಿಯ ಮೇಲೆ, ಜನರ ಮೇಲೆ ಬೀಳುತ್ತದೆ. ಅಲ್ಲಿ ಗಾಳಿ ಬಂತು. ಎಲ್ಲಾ ಹೋಗಿ ಕೈಗಾಡಿಯ ಮೇಲೆ ಬಿತ್ತು.

ಕೈಯಲ್ಲಿ ತುತ್ತು ಹಿಡಿದವರು ಹಾಗೇ ಕೂತರು.

“ಅಗ ಮ್ಹಾತಾರೆ! ಹೇ ಕಾಯ್ ಕೇಲಂಸ!” ಎಂದು ಸಖೂಬಾಯಿ ಚೀರಿದಳು. ಮುದುಕೀ, ಇದೇನು ಮಾಡಿದೆ ಎಂದು. ಯಾರೋ ಒಬ್ಬ ಗಡಿಬಿಡಿಯಲ್ಲಿ ಒದ್ದೆ ಬಟ್ಟೆಗೆ ಸೋಡಾ ಸಾಬೂನು ಹಚ್ಚಿಕೊಂಡು ಓಡಿ ಬಂದ.

“ನೀರ ಹಚ್ಚಬ್ಯಾಡೋ!” ಎಂದು ಕೂಗಿದೆ. ಅಷ್ಟರಲ್ಲಿ ಅವನು ಒಂದು ಲಡಿಯನ್ನು ಉಜ್ಜಿಬಿಟ್ಟಿದ್ದ. ಹಳದಿಯಿದ್ದದ್ದು ಎಲ್ಲರ ಕಣ್ಣ ಮುಂದೆ ನೆತ್ತರಿನಂತೆ ಕೆಂಪಾಯಿತು.

ಆ ಮನುಷ್ಯ ಬಟ್ಟೆ ಬಿಸಾಡಿ ಹಿಂದೆ ಸರಿದ. ಒಬ್ಬಳು ಕೈ ಮುಗಿದಳು. ಇನ್ನೊಬ್ಬಳು, “ದೇವರು ಸಿಟ್ಟಾದ. ಹಣಿ ಒರಸು ಅಂದ್ರಲ್ಲ, ಅದಕ್ಕ ಸಿಟ್ಟಾದ,” ಎಂದಳು. ಸಖೂಬಾಯಿಯ ಕೈ ಸೊಂಟದಿಂದ ಇಳಿದಿತ್ತು. ಅವಳ ಮುಖದಲ್ಲಿ ಹೆದರಿಕೆ ಕಂಡೆ.

ಆಗ ನಾನು ಒಂದೇ ಮಾತು ಆಡಿದ್ದರೆ ಸಾಕಿತ್ತು. ಹೌದು, ಸಿಟ್ಟಾದ, ಇನ್ನು ಮೇಲೆ ನನ್ನ ಮಗಳ ಹಣೆಯ ತಂಟೆಗೆ ಬರಬೇಡಿ ಎಂದಿದ್ದರೆ ಆ ಗಿರಣಿಯಲ್ಲಿ ಯಾರೂ ಮಾಳವ್ವನನ್ನು ಮುಟ್ಟುತ್ತಿರಲಿಲ್ಲ. ಮಾತು ಬಾಯಿತನಕ ಬಂದಿತ್ತು. ಆದರೆ ಆ ಲಡಿಗಳನ್ನು ಹಾಗೇ ಬಿಟ್ಟರೆ ಸಾಬೂನಿನ ನೀರಿಗೆ ಹೋಗುತ್ತವೆ, ಎಲ್ಲವೂ ಕೆಂಪಾಗುತ್ತವೆ. ಅಷ್ಟು ಹೆಂಗಸರ ಬೆಳಗಿನ ದುಡಿಮೆ. ಮತ್ತೆ, ಬೀರಪ್ಪ ನನಗೆ ಗೊತ್ತು. ನೂಲಿನ ಮೇಲೆ ಸಿಟ್ಟು ತೀರಿಸಿಕೊಳ್ಳುವಷ್ಟು ಪುರುಸೊತ್ತು ಅವನಿಗಿಲ್ಲ.

“ಯಾ ದೇವರೂ ಸಿಟ್ಟಾಗಿಲ್ಲ,” ಎಂದೆ. “ಅರಿಶಿಣಕ್ಕ ಸುಣ್ಣ ಹಚ್ಚಿದ್ರ ಕೆಂಪಾಗತೈತಿ. ಆರತಿ ನೀರು ಯಾರೂ ಮಾಡಿಲ್ಲೇನು ಮನ್ಯಾಗ? ಸಾಬೂನಕ್ಕೂ ಹಂಗ ಆಗತೈತಿ. ಲಡಿ ಝಾಡಸ್ರಿ, ಬಿಸಲಿಗೆ ಹರವ್ರಿ. ಹಳದಿ ಬಿಸಲಿಗೆ ನಿಂದರಾಂಗಿಲ್ಲ. ಒಂದು ಲಿಂಬಿಹಣ್ಣು ತರ್ರಿ, ಆ ಕೆಂಪಿಂದು ನಾ ನೋಡ್ತೀನಿ.”

ಸಖೂಬಾಯಿಗೆ ಜೀವ ಬಂತು. ಜೀವದ ಜೊತೆ ಬಾಯಿಯೂ ಬಂತು. “ಸಂಜೀಗೆ ಗಿರಣಿ ಮಾಸ್ತರ ಮಾಲ ನೋಡಾಕ ಬರ್ತಾರ. ಅಷ್ಟರಾಗ ಪಾಂಢರಂ, ಬೆಳ್ಳಗ ಆಗಬೇಕು. ಇಲ್ಲಂದ್ರ ಸೋಮಾರ ಗೀಮಾರ ಏನೂ ಇಲ್ಲ, ಇವತ್ತ ಈಕಿ ಮನೀಗೆ.”

ಬಿಸಿಲು

ಕಂಪೌಂಡಿನ ಗೋಡೆಗೆ ಹಗ್ಗ ಕಟ್ಟಿ ಲಡಿಗಳನ್ನು ಹರಡಿದೆವು. ಕೆಂಪು ಲಡಿಗೆ ಲಿಂಬೆ ಹಿಂಡಿದೆ. ಕೆಂಪು ಹೋಗಿ ಹಳದಿಯಾಯಿತು. ಅದನ್ನೂ ಹಗ್ಗಕ್ಕೆ ಹಾಕಿದೆ. ಆಮೇಲೆ ಮಾಡುವುದು ಏನೂ ಇಲ್ಲ, ಆಗಾಗ ಮಗ್ಗಲು ತಿರುವುತ್ತ ಕಾಯುವುದು. ಕಾಯುವುದು ನನ್ನ ಕಸುಬು. ಕುರಿಯಾದರೆ ಓಡಿಹೋಗುತ್ತವೆ, ಲಡಿ ಓಡುವುದಿಲ್ಲ.

ಸಖೂಬಾಯಿ ನಡುನಡುವೆ ಬಂದು ನೋಡಿ ಹೋಗುತ್ತಿದ್ದಳು. ಮೂರನೆಯ ಸಲ ಬಂದಾಗ ಪಕ್ಕದಲ್ಲಿ ಕೂತಳು. ನಾನು ಕೇಳಬೇಕೆಂದು ಬಂದದ್ದನ್ನು ಕೇಳಿಯೇಬಿಟ್ಟೆ.

“ಬಾಯಿ, ನೀ ಪಂಢರಪುರಕ್ಕ ಹೋಗಾಕಿ ಅಂತ ಕೇಳೀನಿ. ನಿನ್ನ ಕೊಳ್ಳಾಗ ತುಳಸಿ ಮಾಲಿ ಇರಬೇಕು. ನಿನ್ನ ವಿಠೋಬಾ ಒಳಗ ನಡೀತಾನ, ನಮ್ಮ ಬೀರಪ್ಪ ನಡ್ಯಾಂಗಿಲ್ಲ. ಹೌದಲ್ಲ?”

ಅವಳು ಸೆರಗು ಸರಿಸಿ ಕೊರಳು ತೋರಿಸಿದಳು. ಮಾಲೆ ಇರಲಿಲ್ಲ. ಆಮೇಲೆ ಕುಪ್ಪಸದ ತೋಳು ಮೇಲೆತ್ತಿದಳು. ರಟ್ಟೆಗೆ ಮೂರು ಸುತ್ತು ಬಿಗಿದು ಕಟ್ಟಿದ ತುಳಸಿ ಮಾಲೆ.

“ಎಂಟ ವರ್ಷ ಆತು ಆಜೀ. ರಾಟಿ ಮ್ಯಾಲ ಬಗ್ಗಿದ್ನಿ, ಮಾಲಿ ಹಿಡಕೊಂಡ್ತು. ಹರಕೊಂಡ ಹೋತಂತ ಉಳದೆ. ದಾರ ಗಟ್ಟಿ ಇದ್ದಿದ್ರ ನಾ ಇರತಿದ್ದಿಲ್ಲ. ಅವತ್ತಿಂದ ಇಲ್ಲೆ.”

“ಊರಿಗೆ ಹೋದಾಗ?”

“ಕೊಳ್ಳಾಗ. ನಿಮ್ಮ ಪೋರಿ ಹಣಿ ಬೆವರತದ, ಸೆರಗೀಲೆ ಒರಸ್ತಾಳ, ಕೈಲೆ ಒರಸ್ತಾಳ, ಅದ ಕೈ ಲಡೀಗೆ. ಹದಿನೈದ ದಿವಸದಾಗ ಹಳದಿ ಹತ್ತಿ ಎರಡ ಗಠ್ಠಾ ಲಡಿ ಹಿಂದ ಬಂದಾವ. ಮಾಸ್ತರ ಬೈದದ್ದು ಆಕೀಗಲ್ಲ, ನನಗ. ಇಷ್ಟ ದಿನ ನಾ ಆಕೀ ಹೆಸರ ಹೇಳಿಲ್ಲ.”

ಹೇಳಲು ಬಂದ ನಾಲ್ಕು ಮಾತಿನಲ್ಲಿ ಒಂದೂ ಉಳಿದಿರಲಿಲ್ಲ. ರೈಲಿನ ಟೊಪ್ಪಿಗೆಯವನನ್ನು ಹೇಡಿ ಎಂದದ್ದು ಸುಮ್ಮನೆ ಎನ್ನಿಸಿತು.

ಬಿಸಿಲು ಓರೆಯಾಗುವ ಹೊತ್ತಿಗೆ ಲಡಿಗಳು ಬೆಳ್ಳಗಾಗಿದ್ದವು. ಲಿಂಬೆ ಹಿಂಡಿದ್ದರಲ್ಲಿ ಮಾತ್ರ ಕೆನೆಯಷ್ಟು ಬಣ್ಣ ಉಳಿದಿತ್ತು. ಸಖೂಬಾಯಿ ಅದನ್ನು ಒಳಗಡೆಗೆ ಮಡಚಿ ಕಟ್ಟಿದಳು. ಮಾಸ್ತರ ಬಂದ, ಗಾಡಿ ನೋಡಿದ, ಮೂಗು ಮೇಲೆತ್ತಿ ಲಿಂಬೆಯ ವಾಸನೆ ಎಲ್ಲಿಂದ ಎಂದು ಕೇಳಿದ. ಯಾರೂ ಹೇಳಲಿಲ್ಲ.

ಚಾಳು

ರೊಟ್ಟಿ ಬಡಿಯುತ್ತ ಮಾಳವ್ವನಿಗೆ ಹೇಳಿದೆ: “ನಾಳಿಂದ ಒರಸ್ಕೊಂಡ ಹೋಗು.”

ಅವಳು ಒಲೆಯ ಕಡೆ ನೋಡುತ್ತಲೇ, “ನಾ ಮೊದಲನೇ ದಿನಾನ ಒರಸ್ತಿದ್ನಿ ಅವ್ವಾ,” ಎಂದಳು.

“ಮತ್ತ ಇಷ್ಟ ದಿನ ಯಾಕ ಹಟಾ ಹಿಡದಿ?”

“ನಿನ್ನ ಹರಕಿ. ಒರಸಿದ್ನಿ ಅಂತ ಚಂದಪ್ಪ ಊರಾಗ ಹೇಳಿದ್ರ ನೀ ಏನಂತಿ ಅಂತ.”

ಸಿದ್ದಪ್ಪ ಹಾಸಿಗೆಯಿಂದಲೇ ನಕ್ಕ. “ನಾ ಹೇಳಿದ್ನಿ. ಈಕಿ ಬೀರಪ್ಪಗ ಹೆದರಾಕಿ ಅಲ್ಲ ಅತ್ತಿ, ನಿಮಗ ಹೆದರಾಕಿ.”

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ನೋಡಿದರೆ ಬೇರೆ ಯಾರೂ ಇರಲಿಲ್ಲ. ನನ್ನ ಹೆದರಿಕೆಗೆ ಅವಳು ಮನೆ ಕಳೆದುಕೊಳ್ಳಲು ನಿಂತಿದ್ದಳು, ನಾನು ಅದನ್ನು ಭಕ್ತಿ ಎಂದು ಚೀಲ ಹೊತ್ತು ಬಂದಿದ್ದೆ.

“ಹರಕಿ ಹೊತ್ತಾಕಿ ನಾ,” ಎಂದೆ. “ಆಗ ನೀ ಮೂರು ವರ್ಷದ ಕೂಸು, ನಿನ್ನ ಯಾರೂ ಕೇಳಿದ್ದಿಲ್ಲ. ಬೀರಪ್ಪಗ ಉತ್ತರ ನಾ ಕೊಡ್ತೀನಿ. ಕೇಳಿದ್ರ ನನ್ನ ಕೇಳ್ಲಿ. ನಿನ್ನ ಹಣಿ ಖಾಲಿ ಏನೂ ಆಗಾಂಗಿಲ್ಲ, ಹಚ್ಚಿ ಐತಿ. ಅದನ್ನ ಯಾವ ನಾಯಕೀಣ ಒರಸ್ತಾಳ ನೋಡ್ತೀನಿ.”

ಹಚ್ಚೆಯ ಆ ಹಸಿರು ಚುಕ್ಕೆಯನ್ನು ಅವಳಿಗೆ ಎಂಟು ವರ್ಷವಾದಾಗ ಚುಚ್ಚಿಸಿದ್ದೆ. ಇಷ್ಟು ವರ್ಷ ಭಂಡಾರದ ಕೆಳಗೆ ಅದು ಕಂಡಿರಲೇ ಇಲ್ಲ.

ಗಿರಣಿಯ ಬಾಗಿಲು

ಮರುದಿನ ಮುಂಜಾನೆ ಅವಳ ಜೊತೆ ಬಾಗಿಲತನಕ ಹೋದೆ. ಅಲ್ಲಿಂದ ಸ್ಟೇಶನ್‌ಗೆ ಹೋಗುವುದಿತ್ತು. ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಹೋಗುತ್ತಿದ್ದರು, ಸಖೂಬಾಯಿ ಒಬ್ಬೊಬ್ಬರ ಹಣೆ, ಕೈ, ಕೊರಳು ನೋಡಿ ಬಿಡುತ್ತಿದ್ದಳು.

ನನ್ನ ಕೈ ತಾನಾಗಿಯೇ ಚೀಲಕ್ಕೆ ಹೋಯಿತು. ಇಪ್ಪತ್ತು ವರ್ಷದ ಅಭ್ಯಾಸ. ಚಿಟಿಕೆ ಭಂಡಾರ ಹಿಡಿದು ಅವಳ ಹಣೆಯ ಹತ್ತಿರ ತಂದು ನಿಲ್ಲಿಸಿದೆ. ತೊಳೆದು ಒರೆಸಿದ ಹಣೆ. ತೆಗೆದದ್ದನ್ನು ಮರಳಿ ಚೀಲಕ್ಕೆ ಹಾಕುವಂತಿಲ್ಲ.

“ಬಾಯಿ ತೆಗಿ,” ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಬಾಯಿ ತೆರೆದಳು. ನಾಲಗೆಯ ಮೇಲೆ ಹಾಕಿದೆ. ಕಹಿಗೆ ಮುಖ ಕಿವುಚಿ ನುಂಗಿದಳು.

ಅವಳ ಸರದಿ ಬಂತು. ಸಖೂಬಾಯಿ ಹಣೆ ನೋಡಿದಳು: ಹಚ್ಚೆಯ ಚುಕ್ಕೆ ಅಷ್ಟೇ. ಅಂಗೈ ನೋಡಿದಳು: ಸ್ವಚ್ಛ. ಆಗ ಮಾಳವ್ವ, ಆ ವಯಸ್ಸಿನ ಹೆಂಗಸು, ಸಾಲಿನಲ್ಲಿದ್ದ ಎಲ್ಲರ ಮುಂದೆ ಗೇಣುದ್ದ ನಾಲಗೆ ಹೊರಗೆ ಹಾಕಿ ತೋರಿಸಿದಳು. ಹಳದಿ ನಾಲಗೆ.

ಸಖೂಬಾಯಿ ಅದನ್ನೂ ಬಗ್ಗಿ ನೋಡಿದಳು.

“ಲಡಿ ನಾಲಗೀಲೆ ಸುತ್ತತೀ ಏನು?”

“ಇಲ್ಲರಿ.”

“ಮತ್ತ ನನಗ ಯಾಕ ತೋರಸ್ತಿ? ನಡಿ ಒಳಗ.”

ಭೋಂಗಾ ಕೂಗಿತು. ಮಗಳು ಓಡಿದಳು.